ಸಾಲದ ಆ ಪಟ್ಟಿಯನ್ನು ರೈತ ಬದುಕಿದ್ದಾಗಲೇ ಮಾಡಿ

ಮಾನ್ಯ ಮುಖ್ಯಮಂತ್ರಿಗಳಿಗೆ, ಮತ್ತು ಬರದ ಕಡತ ಕೈಯಲ್ಲಿ ಹಿಡಿದಿರುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ಚಳ್ಳಕೆರೆ ತಾಲ್ಲೂಕಿನವನು. ವ್ಯವಸಾಯ ಸೇವಾ ಸಹಕಾರ ಸಂಘವೊಂದರಲ್ಲಿ 26 ವರ್ಷ ಕಾರ್ಯದರ್ಶಿಯಾಗಿದ್ದೆ. ನಮ್ಮ ಕಡೆ ಅದನ್ನು ಸೊಸೈಟಿ ಅಂತಾರೆ. ನಿವೃತ್ತಿಯಾಗಿ ವರ್ಷಗಳೇ ಆದರೂ ಜನ ನನ್ನನ್ನು ಈಗಲೂ ಸೆಕ್ರೆಟ್ರಿ ಅಂತಲೇ ಕರೆಯುತ್ತಾರೆ. ಸಾಲದ ಅರ್ಜಿ ಬರೆದುಕೊಟ್ಟವನೂ ನಾನೇ, ಮಾರ್ಚ್ ತಿಂಗಳಲ್ಲಿ ವಸೂಲಿಗೆ ಬಾಗಿಲು ತಟ್ಟಿದವನೂ ನಾನೇ. ಹಾಗಾಗಿ ರೈತನ ಸಾಲವನ್ನು ಮೇಜಿನ ಆಚೆಯಿಂದಲೂ ನೋಡಿದ್ದೇನೆ, ಈಚೆಯಿಂದಲೂ ನೋಡಿದ್ದೇನೆ.

ಒಂದೇ ಒಂದು ವಿಷಯ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ರೈತರೊಬ್ಬರು ಆತ್ಮಹತ್ಯೆ ಮಾಡಿಕೊಂಡರೆ ಮುಂದಿನ ಕೆಲಸ ಹೇಗೆ ನಡೆಯುತ್ತದೆ ಅಂತ ತಮಗೆ ಗೊತ್ತಿದೆ. ಪೊಲೀಸರು ಬರುತ್ತಾರೆ. ಕೃಷಿ ಇಲಾಖೆಯವರು, ಕಂದಾಯದವರು ಬರುತ್ತಾರೆ. ಪಹಣಿ ತೆಗೆಸುತ್ತಾರೆ. ಬ್ಯಾಂಕಿನಲ್ಲಿ ಎಷ್ಟು ಸಾಲವಿತ್ತು, ಸೊಸೈಟಿಯಲ್ಲಿ ಎಷ್ಟು, ಒಡವೆ ಮೇಲೆ ಎಷ್ಟು, ಕೈಸಾಲ ಯಾರ ಹತ್ತಿರ, ಬೆಳೆ ಏನಾಗಿತ್ತು, ಬೋರ್ ಎಷ್ಟು ಸಲ ಹಾಕಿಸಿದ್ದರು, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆ ಕಡತ ಉಪವಿಭಾಗಾಧಿಕಾರಿಗಳ ಸಮಿತಿಯ ಮುಂದೆ ಹೋಗುತ್ತದೆ. ಸಾಲ ಸಾಬೀತಾದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ. ಕಾಗದವಿಲ್ಲದ ಕೈಸಾಲವಾದರೆ ಸತ್ತವರ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಅಂಥ ಎರಡು ಪಟ್ಟಿ ಮಾಡುವಾಗ ನಾನೂ ಪಕ್ಕದಲ್ಲಿ ಕೂತಿದ್ದೆ. ಸೊಸೈಟಿಯ ಲೆಕ್ಕ ಕೊಡಬೇಕಿತ್ತಲ್ಲ. ಎರಡು ಸಲವೂ ನೋಡಿದ್ದು ಒಂದೇ. ಆ ಮನೆಯ ಎಲ್ಲ ಸಾಲವೂ ಒಂದೇ ಹಾಳೆಯ ಮೇಲೆ ಬಂದಿದ್ದು ಅದೇ ಮೊದಲು. ಅಲ್ಲಿಯವರೆಗೆ ಆ ಲೆಕ್ಕ ಬ್ಯಾಂಕಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿರಲಿಲ್ಲ, ಹೆಂಡತಿಗೂ ಗೊತ್ತಿರಲಿಲ್ಲ. ಸತ್ತವರಿಗೂ ಪೂರ್ತಿ ಗೊತ್ತಿತ್ತೋ ಇಲ್ಲವೋ. ಒಂದು ಮನೆಯಲ್ಲಂತೂ ಹಾಳೆ ನೋಡಿದ ಮೇಲೆ ನಾವು ಮೂರು ಜನ ಮುಖ ಮುಖ ನೋಡಿಕೊಂಡೆವು. ಆ ಲೆಕ್ಕಕ್ಕೆ ದಾರಿ ಇತ್ತು. ಸುಲಭದ ದಾರಿ ಅಲ್ಲ, ಆದರೆ ಇತ್ತು.

ಅದೇ ಪಟ್ಟಿಯನ್ನು ರೈತ ಬದುಕಿದ್ದಾಗ ಮಾಡಿ. ನನ್ನ ಕೋರಿಕೆ ಇಷ್ಟೇ.

ಇದು ಹೇಳಿದಷ್ಟು ಸಲೀಸಲ್ಲ ಅಂತ ನನಗೂ ಗೊತ್ತು. ಅದಕ್ಕೇ ಒಂದು ಮನೆಯ ಲೆಕ್ಕ ತಮ್ಮ ಮುಂದೆ ಇಡುತ್ತೇನೆ. ಅವರ ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಅಂಕಿಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ.

ಗಂಡ, ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ನಾಲ್ಕು ಎಕರೆ ಕೆಂಪು ನೆಲ, ಪೂರ್ತಿ ಮಳೆ ಆಶ್ರಯ. 2023ರ ಮುಂಗಾರಿನಲ್ಲಿ ಶೇಂಗಾ ಹಾಕಿದ್ದರು, ನಡುವೆ ತೊಗರಿಯ ಅಕ್ಕಡಿ ಸಾಲು. ಆಗಸ್ಟ್ ತಿಂಗಳಲ್ಲಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಗಿಡ ಕಿತ್ತರೆ ಬರೀ ಜೊಳ್ಳು. ದನಕ್ಕೆ ಒಂದಿಷ್ಟು ಹೊಟ್ಟು ಸಿಕ್ಕಿತು, ಅಷ್ಟೇ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಇವರ ಕಥೆ ಇವರೊಬ್ಬರದೇ ಅಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರ ತುಂಬಾ ಕಾಗದ. "ಸೆಕ್ರೆಟ್ರಿಯಣ್ಣ, ಬ್ಯಾಂಕಿನಿಂದ ಒಂದು ನೋಟಿಸ್ ಬಂದೈತೆ. ಏನು ಬರೆದವ್ರೆ ನೋಡ್ರಿ" ಅಂದರು. ನೋಟಿಸ್ ಓದಿ ಹೇಳಿದೆ. ಆಮೇಲೆ ಕೇಳಿದೆ, ಬೇರೆ ಏನೇನು ಸಾಲ ಇದೆ ಅಂತ. ಬ್ಯಾಂಕಿನ ಬೆಳೆ ಸಾಲ 1,40,000. ಒಡವೆ ಇಟ್ಟು ತಂದಿದ್ದು 70,000. ಗೊಬ್ಬರದ ಅಂಗಡಿಯಲ್ಲಿ ಉದ್ರಿ 38,000. ಇಷ್ಟು ಹೇಳಿ ಅವನು ಸುಮ್ಮನಾದ.

ಆಯಮ್ಮ ನೆಲ ನೋಡುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಸೆರಗಿನ ಗಂಟು ಬಿಚ್ಚಿ ಎರಡು ಕಾರ್ಡು ತೆಗೆದಳು. ಎರಡು ಫೈನಾನ್ಸ್ ಕಂಪನಿಯ ಗುಂಪು ಸಾಲ. ಎರಡೂ ಸೇರಿ ಇನ್ನೂ 46,000 ಬಾಕಿ, ವಾರಕ್ಕೆ 1,250 ಕಂತು. ಎರಡನೇ ಕಾರ್ಡಿನ ಸುದ್ದಿ ಗಂಡನಿಗೆ ಗೊತ್ತೇ ಇರಲಿಲ್ಲ. ಅವನು ಬಯ್ಯಲು ಬಾಯಿ ತೆರೆದ. ಆಮೇಲೆ ಅವನೂ ತಲೆ ತಗ್ಗಿಸಿ ಹೇಳಿದ: ಊರಲ್ಲೇ ಒಬ್ಬರ ಹತ್ತಿರ ಮೂರು ರೂಪಾಯಿ ಬಡ್ಡಿಗೆ 50,000 ತಂದಿದ್ದನಂತೆ. ಅದು ಆಯಮ್ಮನಿಗೆ ಗೊತ್ತಿರಲಿಲ್ಲ.

ಒಟ್ಟು 3,44,000. ಹಾಳೆಯ ಮೇಲೆ ಕೂಡಿಸಿ ತೋರಿಸಿದೆ. ಇಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ.

ಆ 50,000 ಯಾಕೆ ತಂದೆ ಅಂತ ಕೇಳಿದೆ. ಬೆಳೆ ಸಾಲ ರಿನ್ಯೂವಲ್ ಮಾಡಲು ಅಂದ. ಇದು ನಮ್ಮ ಕಡೆ ಎಲ್ಲ ಊರಲ್ಲೂ ನಡೆಯುವ ಪದ್ಧತಿ. ಬೆಳೆ ಬರಲಿ ಬಿಡಲಿ, ಗಡುವಿನೊಳಗೆ ಹಳೇ ಸಾಲ ಪೂರ್ತಿ ಕಟ್ಟಬೇಕು, ಆಮೇಲೆ ಅಷ್ಟೇ ಸಾಲ ಮತ್ತೆ ಸಿಗುತ್ತದೆ. ಕಟ್ಟಲು ದುಡ್ಡಿಲ್ಲ. ಅದಕ್ಕೆ ನಾಲ್ಕು ದಿನಕ್ಕೆ ಅಂತ ಕೈಸಾಲ ತರುತ್ತಾರೆ. ಹೊಸ ಸಾಲ ಬಂದ ದಿನ ಅದು ಬೀಜಕ್ಕೆ, ಮಗಳ ಕಾಲೇಜಿಗೆ, ವಾರದ ಕಂತಿಗೆ ಹೋಗಿಬಿಡುತ್ತದೆ. ನಾಲ್ಕು ದಿನದ ಕೈಸಾಲ ವರ್ಷಗಟ್ಟಲೆ ಉಳಿಯುತ್ತದೆ.

ಈಗ ಈ ಲೆಕ್ಕ ನೋಡಿ. ಬೆಳೆ ಸಾಲದ ಬಡ್ಡಿ ನೂರಕ್ಕೆ ವರ್ಷಕ್ಕೆ 7. ಗಡುವಿನೊಳಗೆ ಕಟ್ಟಿದರೆ ಅದೂ 4ಕ್ಕೆ ಇಳಿಯುತ್ತದೆ. ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ಐವತ್ತು ಸಾವಿರಕ್ಕೆ ವರ್ಷಕ್ಕೆ 18,000. ಅದೇ ಐವತ್ತು ಸಾವಿರ ಬ್ಯಾಂಕಿನಲ್ಲೇ 7ರ ಬಡ್ಡಿಗೆ ನಿಂತಿದ್ದರೆ 3,500. ವರ್ಷಕ್ಕೆ 14,500 ರೂಪಾಯಿ ಸುಮ್ನೆ ಹೋಯಿತು.

ಅದೇ ಮನೆಗೆ ಬರ ಪರಿಹಾರ ಎಷ್ಟು? ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500. ನಾಲ್ಕು ಎಕರೆಗೆ ಹೆಚ್ಚೂ ಕಡಿಮೆ 13,700. ಸ್ವಾಮಿ, ಆ ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಬಾಗಿಲು ತಟ್ಟಿತು. 18,171 ಕೋಟಿ ಕೇಳಿ, 2024ರ ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಹಾಗೆ ಹೋರಾಡಿ ತಂದ ದುಡ್ಡು ಈ ಮನೆಯ ಒಂದು ತಪ್ಪು ಲೆಕ್ಕವನ್ನು ತುಂಬಲೂ ಸಾಲಲಿಲ್ಲ. ಆ ತಪ್ಪು ಆಗದ ಹಾಗೆ ನೋಡಿಕೊಳ್ಳಲು ಬೇಕಿದ್ದದ್ದು ಒಂದು ಹಾಳೆ, ಒಂದು ಪೆನ್ನು, ನಂಬಿಕೆಯ ಒಬ್ಬ ಮನುಷ್ಯ, ಅರ್ಧ ದಿನ.

ಇನ್ನೂ ಬೇಜಾರಿನ ಸಂಗತಿ ಅಂದರೆ, ಆ ಕೈಸಾಲವೇ ಬೇಕಿರಲಿಲ್ಲ. ರಿಸರ್ವ್ ಬ್ಯಾಂಕ್ 2018ರಲ್ಲಿ ನೈಸರ್ಗಿಕ ವಿಕೋಪದ ಬಗ್ಗೆ ಬ್ಯಾಂಕುಗಳಿಗೆ ಕೊಟ್ಟ ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿತ್ತು. ಬೆಳೆ ನಷ್ಟ ನೂರಕ್ಕೆ 33ರಿಂದ 50 ಇದ್ದರೆ ಸಾಲ ಮರುಪಾವತಿಗೆ 2 ವರ್ಷದವರೆಗೆ ಕಾಲ. ನಷ್ಟ 50 ಅಥವಾ ಅದಕ್ಕಿಂತ ಜಾಸ್ತಿ ಆದರೆ 5 ವರ್ಷದವರೆಗೆ. ಎರಡರಲ್ಲೂ ಮೊದಲ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಅಷ್ಟೇ ಅಲ್ಲ, ಮುಂದಿನ ಬಿತ್ತನೆಗೆ ಹೊಸ ಬೆಳೆ ಸಾಲವನ್ನೂ ಕೇಳಬಹುದು. ಬರ ಬರುವ ಮುಂಚೆಯೇ ಸಾಲ ಸುಸ್ತಿಯಾಗಿರಬಾರದು, ಅದೊಂದು ಷರತ್ತು. ಈ ಮನೆಯವರು ಆವರೆಗೆ ಒಂದು ಗಡುವನ್ನೂ ತಪ್ಪಿಸಿದವರಲ್ಲ.

ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳುವಾಗ ಪೂರ್ತಿ ಹೇಳಬೇಕು ಅನ್ನುವುದೂ ಮುಖ್ಯ. ಹೀಗೆ ಮುಂದಕ್ಕೆ ಹಾಕಿದ ಸಾಲಕ್ಕೆ ಬಡ್ಡಿ ರಿಯಾಯಿತಿ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ, ಎರಡನೇ ವರ್ಷದಿಂದ ಬ್ಯಾಂಕಿನ ಮಾಮೂಲಿ ಬಡ್ಡಿ. ಹಾಗಾಗಿ ಎಲ್ಲರಿಗೂ ಇದೇ ಸರಿ ಅಂತ ಹೇಳಲು ಬರುವುದಿಲ್ಲ. ಕೈಯಲ್ಲಿ ಕುರಿ ಇರುವವನಿಗೆ ಒಂದು ಲೆಕ್ಕ, ಮಗ ಬೆಂಗಳೂರಿನಿಂದ ತಿಂಗಳಿಗಿಷ್ಟು ಕಳಿಸುವ ಮನೆಗೆ ಇನ್ನೊಂದು ಲೆಕ್ಕ. ಪಾಂಪ್ಲೆಟ್ ಹಂಚಿದರೆ ಆಗುವ ಕೆಲಸ ಅಲ್ಲ ಇದು. ಮನೆ ಮನೆಗೂ ಬೇರೆ ಬೇರೆ ಕೂತು ನೋಡಬೇಕು.

ಬೆಳೆ ವಿಮೆಯ ಕಥೆ ಕೇಳಿ. ಶೇಂಗಾಕ್ಕೆ ಅಂತ ಅವರ ಖಾತೆಯಿಂದ ವಿಮೆ ಕಂತು ಹೋಗಿತ್ತು. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಯಾರೋ ತೊಗರಿ ಅಂತ ದಾಖಲಿಸಿದ್ದರು. ಅಕ್ಕಡಿ ಸಾಲು ಫೋಟೊದಲ್ಲಿ ಎದ್ದು ಕಂಡಿರಬೇಕು. ಎರಡೂ ತಾಳೆಯಾಗಲಿಲ್ಲ, ಪರಿಹಾರ ತಡೆಹಿಡಿದರು. ತಿದ್ದಿಸಲು ಆಕ್ಷೇಪಣೆ ಹಾಕಬಹುದಿತ್ತು. ಅದಕ್ಕೊಂದು ಕೊನೇ ದಿನ ಇರುತ್ತದೆ. ಅವರು ನನ್ನ ಹತ್ತಿರ ಬಂದಾಗ ಆ ದಿನ ಕಳೆದು ಹೋಗಿತ್ತು.

ಆ ಮನೆ ಈಗ ಹೇಗಿದೆ ಅಂತ ಕೇಳುತ್ತೀರಿ. ಅವರ ಹತ್ತಿರ ಹತ್ತು ಹನ್ನೆರಡು ಕುರಿ ಇದ್ದವು. ಮಾರಿ ಬ್ಯಾಂಕಿಗೆ ಕಟ್ಟಬೇಕು ಅಂತ ಇಟ್ಟುಕೊಂಡಿದ್ದರು. ನೋಟಿಸ್ ಬ್ಯಾಂಕಿನದು ಅಲ್ವಾ, ಅದಕ್ಕೇ ಹೆದರಿಕೆ ಜಾಸ್ತಿ. ನಾನು ಬೇಡ ಅಂದೆ. ಏಳು ಕುರಿ ಮಾರಿ ಮೊದಲು ಮೂರು ರೂಪಾಯಿ ಬಡ್ಡಿಯದನ್ನು ತೀರಿಸಿದರು. ಬ್ಯಾಂಕಿಗೆ ಅರ್ಜಿ ಬರೆದೆವು. ಬರ ಘೋಷಣೆಯ ಪ್ರತಿ, ಪಹಣಿ, ಬೆಳೆ ನಷ್ಟದ ದಾಖಲೆ ಎಲ್ಲ ಸೇರಿಸಿ ಕೊಟ್ಟೆವು. ಮೂರು ಸಲ ಓಡಾಡಿದ ಮೇಲೆ ಕಾಲ ಕೊಟ್ಟರು. ಗೊಬ್ಬರದ ಅಂಗಡಿಯವರು ನಮ್ಮವರೇ. ಬಡ್ಡಿ ಬೇಡ, ಬೆಳೆ ಬಂದಾಗ ಕೊಡಲಿ ಅಂದರು. ಆ ಮನೆಯ ಸಾಲ ಮುಗಿದಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಇಬ್ಬರಿಗೂ ಗೊತ್ತಿದೆ. ರಾತ್ರಿ ನಿದ್ದೆ ಬರುತ್ತದೆ ಅಂತ ಆಯಮ್ಮ ಮೊನ್ನೆ ಹೇಳಿದಳು.

ಈಗ ನನ್ನದೂ ಒಂದು ಮಾತು ಹೇಳಬೇಕು. 2001ರಿಂದ 2004ರವರೆಗೆ ಮೂರು ವರ್ಷ ಒಂದೇ ಸಮನೆ ಬರ ಬಿತ್ತಲ್ಲ, ಆಗ ನಾನು ಕುರ್ಚಿಯಲ್ಲಿದ್ದೆ. ಮಾರ್ಚ್ ಕೊನೆಗೆ ವಸೂಲಿ ಗುರಿ ಮುಟ್ಟಬೇಕು. ಮುಟ್ಟದಿದ್ದರೆ ಮೇಲಿನವರ ಬೈಗುಳ, ಸಂಘಕ್ಕೆ ಮುಂದಿನ ವರ್ಷದ ಸಾಲವೂ ಇಲ್ಲ. ನಾನು ಮನೆ ಮನೆಗೆ ಹೋಗಿ ಹೇಳುತ್ತಿದ್ದೆ: "ಎಲ್ಲಾದ್ರೂ ತಂದು ಕಟ್ಟಪ್ಪ, ನಾಲ್ಕು ದಿನದಲ್ಲಿ ವಾಪಸ್ ಬರುತ್ತೆ." ಜನ ನಂಬಿ ತಂದರು. ಒಂದು ವರ್ಷ ಹೊಸ ಸಾಲ ಮಂಜೂರಾಗಿ ಬರಲು ಎರಡು ತಿಂಗಳಿಗೂ ಜಾಸ್ತಿ ಹಿಡಿಯಿತು. ಆ ಎರಡು ತಿಂಗಳ ಬಡ್ಡಿ ಯಾರು ಕಟ್ಟಿದರು? ಅವರೇ. ಒಬ್ಬ ಅಜ್ಜ ಜೋಡಿ ಎತ್ತು ಮಾರಿದ. ಸಂತೆಯಲ್ಲಿ ಎದುರಾದಾಗ ಬೈಯ್ಯಲೂ ಇಲ್ಲ. "ನಿನ್ನ ಕೆಲಸ ನೀನು ಮಾಡ್ದೆ ಬಿಡಪ್ಪ" ಅಂದ. ಆ ಮಾತು ಇಪ್ಪತ್ತು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ.

ಸಾಲ ಕೊಟ್ಟವನು ಸಾಲಗಾರನಿಗೆ ಸಲಹೆ ಕೊಡಬಾರದು ಅಂತ ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು ಅದಕ್ಕೇ. ನಾನು ಕೆಟ್ಟವನಾಗಿರಲಿಲ್ಲ. ಆದರೆ ನನಗೊಂದು ಗುರಿ ಇತ್ತು, ಅದು ಆ ಅಜ್ಜನ ಒಳಿತಾಗಿರಲಿಲ್ಲ.

ಈ ಯೋಚನೆ ಹೊಸದೂ ಅಲ್ಲ. ಸಂಕಷ್ಟದಲ್ಲಿರುವ ರೈತರಿಗೆ ಏನು ಮಾಡಬೇಕು ಅಂತ ನೋಡಲು ರಿಸರ್ವ್ ಬ್ಯಾಂಕ್ ಎಸ್.ಎಸ್. ಜೋಹ್ಲ್ ಅವರ ಅಧ್ಯಕ್ಷತೆಯಲ್ಲಿ ಒಂದು ತಂಡ ಮಾಡಿತ್ತು. ರೈತರಿಗೆ ಹಣಕಾಸಿನ ಸಲಹೆ, ಜೀವನೋಪಾಯದ ಸಲಹೆ ಬೇಕು ಅಂತ ಆ ತಂಡ ಹೇಳಿತು. ಕೃಷಿ ಸಾಲದ ಪದ್ಧತಿಗಳನ್ನು ನೋಡಿದ ಸಿ.ಪಿ. ಸ್ವರ್ಣಕರ್ ಅವರ ತಂಡವೂ ಸಲಹಾ ಕೇಂದ್ರ ತೆರೆಯಿರಿ ಅಂತಲೇ ಹೇಳಿತು. ಅದರಿಂದಲೇ 2009ರಲ್ಲಿ 'ಹಣಕಾಸು ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರ'ಗಳ ಯೋಜನೆ ಬಂತು. 2012ರಲ್ಲಿ ಮಾರ್ಗಸೂಚಿ ಬದಲಾಯಿತು. ಹೆಸರು 'ಹಣಕಾಸು ಸಾಕ್ಷರತಾ ಕೇಂದ್ರ' ಆಯಿತು. 'ಸಾಲ ಸಲಹೆ' ಹೆಸರಿನಿಂದ ಬಿದ್ದು ಹೋಯಿತು. ಯಾವ ರೈತನಿಗಾಗಿ ಆ ಮಾತು ಶುರುವಾಗಿತ್ತೋ ಅವನಿಗೆ ಬೇಕಾದ ಅರ್ಧವೇ ಕಳೆದುಹೋಯಿತು.

ಸಾಕ್ಷರತಾ ಶಿಬಿರಗಳನ್ನು ನಾನು ನೋಡಿದ್ದೇನೆ. ಪಂಚಾಯಿತಿ ಕಟ್ಟಡದಲ್ಲಿ ಬ್ಯಾನರ್ ಕಟ್ಟುತ್ತಾರೆ. ಖಾತೆ ತೆರೆಯಿರಿ, ಉಳಿತಾಯ ಮಾಡಿ, ಒಟಿಪಿ ಯಾರಿಗೂ ಹೇಳಬೇಡಿ ಅನ್ನುತ್ತಾರೆ. ಒಳ್ಳೆಯ ಮಾತೇ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ರೈತನಿಗೆ ಬಡ್ಡಿ ಲೆಕ್ಕ ಬರುವುದಿಲ್ಲ ಅಂತ ತಿಳಿಯಬೇಡಿ. ಮೂರು ರೂಪಾಯಿ ಬಡ್ಡಿ ಹದಿನೇಳು ತಿಂಗಳಿಗೆ ಎಷ್ಟಾಗುತ್ತದೆ ಅಂತ ಬೆರಳೆಣಿಸಿ ಹೇಳಿಬಿಡುತ್ತಾನೆ. ಅವನಿಗೆ ಗೊತ್ತಿಲ್ಲದ್ದು ತನ್ನ ಹಕ್ಕು ಯಾವುದು, ಯಾವ ಕಾಗದ ಯಾವ ಕಚೇರಿಗೆ, ಯಾವ ದಿನದೊಳಗೆ ಅನ್ನುವುದು. ಇನ್ನೊಂದು ಇದೆ. ನೂರು ಜನರ ಮುಂದೆ ಎದ್ದು ನಿಂತು ನನಗಿಷ್ಟು ಸಾಲ ಇದೆ ಅಂತ ಯಾರಾದರೂ ಹೇಳುತ್ತಾರಾ? ಮಗಳಿಗೆ ಗಂಡು ನೋಡುತ್ತಿರುವ ಮನೆಯವರು ಹೇಳುತ್ತಾರಾ?

ಹೆಣ್ಣುಮಕ್ಕಳ ಸಂಕಟ ಇನ್ನೂ ಬೇರೆ. ಗುಂಪು ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಅವಳ ಮನೆ ಮುಂದೆ ಬಂದು ಕೂರುತ್ತಾರೆ. ಕಂಪನಿಯವರಿಗಿಂತ ಅಕ್ಕಪಕ್ಕದವರ ಮಾತೇ ಚುಚ್ಚುತ್ತದೆ. ಅದಕ್ಕೆ ಹೆದರಿ ಇನ್ನೊಂದು ಕಂಪನಿಯಲ್ಲಿ ಸಾಲ ಮಾಡುತ್ತಾರೆ. ಬಲವಂತದ ವಸೂಲಿ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಕಾನೂನು ಮಾಡಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಅದಕ್ಕೆ ಧನ್ಯವಾದ. ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಬರಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತಲೂ ಹೇಳಿದೆ. ನಮ್ಮ ಊರಲ್ಲಿ ಈ ಮೂರು ಮಾತು ಗೊತ್ತಿರುವ ಹೆಣ್ಣುಮಕ್ಕಳನ್ನು ಒಂದು ಕೈಯಲ್ಲಿ ಎಣಿಸಬಹುದು. ಕಾನೂನು ಬೆಂಗಳೂರಿನಲ್ಲಿ ಆಯಿತು. ಅದನ್ನು ಕಾರ್ಡು ಹಿಡಿದು ಕೂತ ಆಯಮ್ಮನ ಕೈಗೆ ತಲುಪಿಸುವವರು ಯಾರು?

ಸರ್ಕಾರದ ಒಳ್ಳೇ ಆದೇಶಗಳು ಹೀಗೇ ದಾರಿಯಲ್ಲಿ ಸೋರಿಹೋಗುತ್ತವೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಸಹಕಾರ ಸಂಸ್ಥೆಗಳ ಮಧ್ಯಮಾವಧಿ, ದೀರ್ಘಾವಧಿ ಸಾಲ ಸುಸ್ತಿಯಾದವರು ಅಸಲು ಕಟ್ಟಿದರೆ ಬಡ್ಡಿ ಮನ್ನಾ ಅಂತ ಘೋಷಿಸಿದಿರಿ. ಬರದ ವರ್ಷ ಅಸಲು ಎಲ್ಲಿಂದ ಬರಬೇಕು? ಕೆಲವರು ಮತ್ತೆ ಕೈಸಾಲಕ್ಕೇ ಹೋದರು. ಯಾರಿಗೆ ಅದು ಲಾಭ, ಯಾರಿಗೆ ನಷ್ಟ ಅಂತ ಕೂತು ಲೆಕ್ಕ ಹಾಕಿಕೊಡುವವರು ಇರಲಿಲ್ಲ. 2024ರಲ್ಲಿ ಬರ ಪರಿಹಾರದ ದುಡ್ಡನ್ನು ಬ್ಯಾಂಕುಗಳು ಹಳೇ ಸಾಲಕ್ಕೆ ಜಮಾ ಮಾಡಿಕೊಂಡ ದೂರು ಹಲವು ಕಡೆ ಎದ್ದವು. ಹಾಗೆ ಮಾಡಬೇಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಆ ಸೂಚನೆ ಬಂದಿದೆ ಅಂತ ಬ್ಯಾಂಕಿನಲ್ಲಿ ನಿಂತು ವಾದ ಮಾಡುವ ಧೈರ್ಯ ನಮ್ಮ ಜನರಿಗೆ ಎಲ್ಲಿದೆ? ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವವರು ಅವರು.

ಬೋರ್ ವಿಷಯ ಹೇಳದೆ ಇರಲಾರೆ. ಬರದಲ್ಲಿ ಒಂದು ಮನೆ ಮಾಡುವ ದೊಡ್ಡ ಖರ್ಚು ಮದುವೆಯಲ್ಲ, ಬೋರು. ಸಭೆಗಳಲ್ಲಿ ಕೆಲವರು ರೈತರ ದುಂದುವೆಚ್ಚದ ಬಗ್ಗೆ ಭಾಷಣ ಮಾಡುತ್ತಾರೆ, ಕೇಳಿದರೆ ಹೊಟ್ಟೆ ಉರಿಯುತ್ತದೆ. ಒಣಗುತ್ತಿರುವ ಅಡಿಕೆ ಗಿಡ, ದಾಳಿಂಬೆ ಗಿಡ ಕಣ್ಣೆದುರು ಇರುವಾಗ ಮನುಷ್ಯ ಹೇಗೆ ಸುಮ್ಮನಿರುತ್ತಾನೆ? ಆರುನೂರು ಏಳುನೂರು ಅಡಿ ಕೊರೆಸುತ್ತಾನೆ. ದೂಳು ಬರುತ್ತದೆ. ಇನ್ನೊಂದು ಜಾಗ ನೋಡುತ್ತಾನೆ. ನನ್ನ ಷಡ್ಡಕನೇ ಒಂದೇ ಬೇಸಿಗೆಯಲ್ಲಿ ಮೂರು ಕೊರೆಸಿದ, ಮೂರೂ ಫೇಲ್. ಎರಡನೆಯದು ಫೇಲಾದ ರಾತ್ರಿ ಯಾರಾದರೂ ಪಕ್ಕದಲ್ಲಿ ಕೂತು, ಈ ತೋಟ ಹೋದರೆ ನಷ್ಟ ಇಷ್ಟು, ಮೂರನೆಯದೂ ಹೋದರೆ ನಷ್ಟ ಇಷ್ಟು ಅಂತ ಹಾಳೆಯ ಮೇಲೆ ಬರೆದು ತೋರಿಸಿದ್ದರೆ ಅವನು ನಿಲ್ಲಿಸುತ್ತಿದ್ದ ಅಂತ ನನಗೆ ಅನಿಸುತ್ತದೆ. ನಾನೇ ಕೂರಬೇಕಿತ್ತು. ಕೂರಲಿಲ್ಲ. (ಭದ್ರಾ ಮೇಲ್ದಂಡೆ ನೀರು ಬಂದರೆ ಈ ಗೋಳೇ ಇರುವುದಿಲ್ಲ ಅಂತ ನಮ್ಮ ಜಿಲ್ಲೆ ಎಷ್ಟೋ ವರ್ಷದಿಂದ ಕಾಯುತ್ತಿದೆ. ಅದಕ್ಕೆ ಇನ್ನೊಂದು ಪತ್ರವೇ ಬೇಕು.)

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಹೊಸ ಕಟ್ಟಡ ಬೇಡ. ಹೋಬಳಿಗೊಂದರಂತೆ ರಾಜ್ಯದಲ್ಲಿ 700ಕ್ಕೂ ಹೆಚ್ಚು ರೈತ ಸಂಪರ್ಕ ಕೇಂದ್ರಗಳಿವೆ. ಬೀಜಕ್ಕೆ, ಗೊಬ್ಬರಕ್ಕೆ, ಟಾರ್ಪಾಲಿಗೆ ಜನ ಹೇಗೂ ಅಲ್ಲಿಗೆ ಬರುತ್ತಾರೆ. ಸಾಲಕ್ಕಾಗಿ ಬಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲೊಂದು ಬಾಗಿಲಿರುವ ಕೋಣೆ ಕೊಡಿ. ಬಾಗಿಲು ಮುಖ್ಯ. ಅಲ್ಲಿ ಇಬ್ಬರನ್ನು ಕೂರಿಸಿ, ಒಬ್ಬರು ಹೆಣ್ಣುಮಗಳೇ ಆಗಿರಲಿ. ನಿವೃತ್ತ ಬ್ಯಾಂಕ್ ನೌಕರರು, ಸೊಸೈಟಿ ಕಾರ್ಯದರ್ಶಿಗಳು, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲಿ ಲೆಕ್ಕ ಬರೆದು ಪಳಗಿದ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಂಬಳ ಬ್ಯಾಂಕಿನಿಂದ ಬರಬಾರದು, ಫೈನಾನ್ಸ್ ಕಂಪನಿಯಿಂದಂತೂ ಬರಲೇಬಾರದು. ವಸೂಲಿ ಗುರಿ ಇರಬಾರದು. ಇಷ್ಟು ಜನರಿಗೆ ಸಲಹೆ ಕೊಟ್ಟೆವು ಅಂತ ಫೋಟೊ ತೆಗೆದು ಕಳಿಸುವ ಕಾಟವೂ ಇರಬಾರದು. ಅಲ್ಲಿ ಹೇಳಿದ ಮಾತು ಹೊರಗೆ ಹೋಗಬಾರದು, ಬ್ಯಾಂಕಿಗೂ, ಊರಿನ ಮುಖಂಡರಿಗೂ, ಗಂಡ ಹೇಳಿದ್ದು ಹೆಂಡತಿಗೂ ಅವನು ಒಪ್ಪದೆ ಹೋಗಬಾರದು.

ತಾಲ್ಲೂಕು ಬರಪೀಡಿತ ಅಂತ ಘೋಷಿಸಿದ ದಿನದಿಂದಲೇ ಇವರ ಕೆಲಸ ಶುರುವಾಗಲಿ. ಸಾಲದ ಗಡುವು ಎಂದು, ವಿಮೆಯ ಆಕ್ಷೇಪಣೆಗೆ ಕೊನೇ ದಿನ ಎಂದು, ಸಾಲ ಮುಂದಕ್ಕೆ ಹಾಕಿಸಲು ಯಾವ ಕಾಗದ ಬೇಕು ಅಂತ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಮನುಷ್ಯ ತೀರಾ ಕುಗ್ಗಿದ್ದರೆ ಗುರುತಿಸುವುದು ಹೇಗೆ ಅಂತ ಆ ಇಬ್ಬರಿಗೂ ತರಬೇತಿ ಕೊಡಿ. ಮನಸ್ಸು ಕುಗ್ಗಿದವರಿಗೆ ಸರ್ಕಾರದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆ ಹಳ್ಳಿಯಲ್ಲಿ ಇನ್ನೂ ಎಷ್ಟೋ ಜನರಿಗೆ ತಲುಪಿಲ್ಲ. ಸಾಲದ ಹಾಳೆಯ ಕೆಳಗೆ ಅದನ್ನೂ ದಪ್ಪಕ್ಷರದಲ್ಲಿ ಬರೆದುಕೊಡಲಿ.

ಇನ್ನೊಂದು ಅಧಿಕಾರ ಅವರಿಗೆ ಬೇಕೇ ಬೇಕು. ಈ ಕುಟುಂಬದ ಲೆಕ್ಕ ನೋಡುತ್ತಿದ್ದೇವೆ ಅಂತ ಅವರು ಪತ್ರ ಬರೆದರೆ 60 ದಿನ ಯಾರೂ ನೋಟಿಸ್ ಕೊಡುವಂತಿಲ್ಲ, ಮನೆ ಮುಂದೆ ಬರುವಂತಿಲ್ಲ ಅನ್ನುವ ನಿಯಮ. ಇದು ಆಗದ ಮಾತಲ್ಲ. ಬರ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುವ ಆಸ್ಟ್ರೇಲಿಯಾದಲ್ಲಿ 1986ರಿಂದ ರೈತರಿಗೆ ಹಣಕಾಸು ಸಲಹೆಗಾರರು ಇದ್ದಾರೆ. ಸರ್ಕಾರದ ದುಡ್ಡಿನಲ್ಲಿ, ಉಚಿತವಾಗಿ, ಗುಟ್ಟು ಕಾಪಾಡಿಕೊಂಡು ಮನೆಯ ಮೇಜಿನ ಮುಂದೆ ಕೂತು ಲೆಕ್ಕ ನೋಡಿಕೊಡುತ್ತಾರೆ. ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1994ರಲ್ಲೇ ಒಂದು ಕಾನೂನಾಗಿದೆ. ರೈತನ ಜಮೀನಿಗೆ ಕೈ ಹಾಕುವ ಮುಂಚೆ ಸಾಲ ಕೊಟ್ಟವರು ಮಧ್ಯಸ್ಥರ ಮುಂದೆ ಅವನ ಜೊತೆ ಕೂತು ಮಾತಾಡುವ ಅವಕಾಶ ಕೊಡಬೇಕು. ಅಲ್ಲಿನ ಜಮೀನು ನಮ್ಮಂತೆ ನಾಲ್ಕು ಎಕರೆಯಲ್ಲ, ಅಲ್ಲಿನ ಬದುಕೂ ಬೇರೆ. ಆದರೆ ಸಾಲದ ಭಾರದಲ್ಲಿ ಒಬ್ಬನೇ ಕೂತ ಮನುಷ್ಯನ ತಲೆ ಎಲ್ಲ ಕಡೆಯೂ ಒಂದೇ ರೀತಿ ಕೆಲಸ ಮಾಡುತ್ತದೆ ಅಂತ ಕಾಣುತ್ತದೆ.

ಸಾಲ ಕಟ್ಟದಿರಲು ಇದು ಪಾಠವಾಗುತ್ತದೆ ಅಂತ ಕೆಲವು ಬ್ಯಾಂಕಿನವರು ಹೇಳಬಹುದು. 26 ವರ್ಷ ವಸೂಲಿ ಮಾಡಿದವನಾಗಿ ಹೇಳುತ್ತೇನೆ, ಆಗುವುದಿಲ್ಲ. ಕಟ್ಟುವ ದಾರಿ ಕಂಡವನು ಕಟ್ಟುತ್ತಾನೆ. ದಾರಿಯೇ ಕಾಣದವನು ಬ್ಯಾಂಕಿನವರನ್ನು ಕಂಡರೆ ಹಿಂದಿನ ಬಾಗಿಲಿನಿಂದ ಹೋಗುತ್ತಾನೆ. ಸಾಲ ಮನ್ನಾ ಮಾಡಿದರೆ ಸಾಕಲ್ಲ ಅಂತ ಇನ್ನು ಕೆಲವರು ಹೇಳುತ್ತಾರೆ. 2017ರಲ್ಲಿ ಸಹಕಾರ ಸಂಘಗಳ 50,000ದವರೆಗಿನ ಸಾಲ ಮನ್ನಾ ಆದಾಗ ಪಟ್ಟಿ ಬರೆದವನು ನಾನು. ಜನರ ಮುಖದಲ್ಲಿ ನೆಮ್ಮದಿ ಕಂಡಿದ್ದೂ ನಿಜ. ಆದರೆ ಮೂರು ರೂಪಾಯಿ ಬಡ್ಡಿಯ ಸಾಲವನ್ನು, ಉದ್ರಿಯನ್ನು, ವಾರದ ಕಂತನ್ನು ಆ ಮನ್ನಾ ಮುಟ್ಟಲಿಲ್ಲ. ಮನೆ ಸುಡುತ್ತಿದ್ದದ್ದು ಅಲ್ಲಿ.

ಕೆಲವು ಮನೆಗಳ ಲೆಕ್ಕ ಎಷ್ಟು ಕೂಡಿಸಿ ಕಳೆದರೂ ಸರಿಹೋಗುವುದಿಲ್ಲ, ಅದೂ ನನಗೆ ಗೊತ್ತು. ಎರಡು ಎಕರೆ, ಐದು ಲಕ್ಷ ಸಾಲ, ಒಂದು ಕಾಯಿಲೆ. ಅಂಥ ಮನೆಗೆ ಸಲಹೆಯೊಂದೇ ಸಾಲದು, ಸರ್ಕಾರದ ಬೇರೆ ಆಸರೆ ಬೇಕು. ಆದರೆ ಅಂಥ ಮನೆ ಯಾವುದು ಅಂತ ಮೊದಲೇ ತಿಳಿಯಲಾದರೂ ಆ ಹಾಳೆ ಬೇಕಲ್ಲವೇ?

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಬಡ್ಡಿ ವ್ಯಾಪಾರಿಯ ಮುಂದೆ ರೈತ ಒಂಟಿಯಾಗಿ ನಿಲ್ಲಬಾರದು ಅನ್ನುವ ಮಾತಿಗೆ ನಮ್ಮ ನಾಡಿನಲ್ಲೇ ಅಷ್ಟು ಹಳೇ ಬೇರಿದೆ. ನಾನು ಕೂತಿದ್ದ ಕುರ್ಚಿ ಆ ಬೇರಿನದೇ ಒಂದು ಕೊಂಬೆ. ಆ ಕುರ್ಚಿಯಲ್ಲಿ ಕೂತು ನಾನು ಮಾಡದೆ ಬಿಟ್ಟ ಕೆಲಸವನ್ನು ಬೇರೆ ಯಾರಾದರೂ ಮಾಡಲಿ ಅನ್ನುವ ಆಸೆ ನನ್ನದು.

ಒಂದೇ ಹೋಬಳಿಯಲ್ಲಿ ಶುರು ಮಾಡಿ ನೋಡಿ. ನಮ್ಮ ಹೋಬಳಿಯಲ್ಲೇ ಆಗಲಿ. ನನಗೆ ಸಂಬಳ ಬೇಡ. ವಾರಕ್ಕೆ ಮೂರು ದಿನ ನಾನು ಬಂದು ಕೂರುತ್ತೇನೆ, ಕಣ್ಣು ಇನ್ನೂ ಚೆನ್ನಾಗಿದೆ. ಈ ವರ್ಷ ಮಳೆ ಆಗಬಹುದು, ಆಗದೆಯೂ ಇರಬಹುದು. ಬಿತ್ತನೆ ಮುಗಿಯುವುದರೊಳಗೆ ಆ ಕೋಣೆ, ಎರಡು ಕುರ್ಚಿ, ಒಂದು ಬಾಗಿಲು ಸಿಕ್ಕರೆ, ಮುಂದಿನ ಮಾರ್ಚ್‌ಗೆ ನಾಲ್ಕು ದಿನದ ಕೈಸಾಲಕ್ಕೆ ಹೊರಡುವವರಲ್ಲಿ ಕೆಲವರನ್ನಾದರೂ ತಡೆದು ನಿಲ್ಲಿಸಬಹುದು.

ತಮ್ಮ ಉತ್ತರಕ್ಕೆ ಕಾಯುತ್ತಿರುವ,
ನಿವೃತ್ತ ಸೊಸೈಟಿ ಕಾರ್ಯದರ್ಶಿ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ